ಎಲ್ ನಾಕು, ಎಲ್ ಐದು

ಮೂವತ್ತೊಂದು ವರ್ಷ ಬಗ್ಗೇ ನಿಂತೆ.
ಡಾಗ್ರಿಜ್ ಬೇರಿನ ಮ್ಯಾಲ, ನೆಲದಿಂದ ಒಂದು ಮೊಳಕ್ಕ
ಕಾಂಡ ಸೀಳಿ, ಮಾಣಿಕ್‌ಚಮನ್ ಕಡ್ಡಿ ಬೆಣಿಯಂಗ ಕೆತ್ತಿ,
ತುರುಕಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮುಂದ.
ತಿಕೋಟಾದಿಂದ ಬಾಬಾನಗರದ ತನಕ
ನನ್ನ ಗಂಟು ಇಲ್ಲದ ದ್ರಾಕ್ಷಿ ಪಡ ಕಡಿಮಿ.
ದಿನಕ್ಕ ನಾಕು ನೂರು. ನೆಟ್ಟಗ ನಿಂತು ಮುಗಲು ನೋಡಿದ್ದು
ಉಚ್ಚಿ ಹೊಯ್ಯಾಕ ಹೋದಾಗ ಅಷ್ಟ.

ವಿಜಾಪುರದ ದವಾಖಾನ್ಯಾಗ ಡಾಕ್ಟರ್ ಹಂಚಿನಾಳ
ಬೆಳಕಿನ ಡಬ್ಬಿಗೆ ಫಿಲ್ಮ್ ಸಿಗಿಸಿ ತೋರಿಸಿದ್ರು:
"ಇದು ಎಲ್ ನಾಕು. ಇದು ಎಲ್ ಐದು.
ನಡುವಿನ ಗಾದಿ ಸವದು ಹೋಗ್ಯದ.
ಮ್ಯಾಲಿಂದು ಜಾರತದ, ನರ ಒತ್ತತದ.
ಎರಡನ್ನೂ ಕೂಡಿಸಿ ಒಂದು ಮಾಡಬೇಕು.
ನಡುವ ಎಲುಬು ಕಸಿ ಮಾಡತೀವಿ."

ಕಸಿ ಅಂದ್ರು.
ನಕ್ಕೆ. ನಕ್ಕಿದ್ದಕ್ಕ ಎಡಗಾಲಿನ ತನಕ ಮಿಂಚು ಹೊಡೀತು.
ಕಡ್ಡಿ ಎಲ್ಲಿಂದ ತರತೀರಿ ಸಾಹೇಬ್ರ?

ನಿನ್ನ ಟೊಂಕದಿಂದನ ತೆಗೀಬಹುದು.
ಇಲ್ಲಾ, ಸತ್ತವರು ಕೊಟ್ಟಿದ್ದು ಬ್ಯಾಂಕಿನಾಗ ಸಿಗತದ.
ಸುಸಲಾಬಾಯಿ ಸೆರಗು ಬಾಯಿಗಿಟ್ಟಳು:
"ಯಾರದೋ ಏನೋ. ಆ ಪುಣ್ಯಾತ್ಮ ಕುಡದು ಜೋಲಿ ಹೊಡೀತಿದ್ದರ
ಇವರೂ ಹಂಗ ನಡದಾರೇನ್ರಿ?"
ಡಾಕ್ಟರು ನಗಲಿಲ್ಲ. "ತೊಳದು, ಒಣಗಿಸಿ ಇಟ್ಟಿರತಾರವ್ವಾ.
ಅದರಾಗ ಜೀವ ಇರೂದಿಲ್ಲ. ಬರೇ ಹಂದರ."

ಮೂರನೇದು, ಬೆಳಸೂ ಪ್ರೋಟೀನು.
ಸ್ಪಂಜಿನಾಗ ನೆನಸಿ ಇಡೂದು.
ಎಲುಬು ಇಲ್ಲದಲ್ಲಿ ಎಲುಬು ಹುಟ್ಟಸತದಂತ.
ರೊಕ್ಕ ಕೇಳಿದೆ. ಎರಡು ಹಂಗಾಮಿನ ಕೂಲಿ.
ಮತ್ತ? ಅಂದೆ.
"ಮತ್ತ, ಎಲ್ಲಿ ನಿಲ್ಲಬೇಕು ಅಂತ ಅದಕ್ಕ ಒಮ್ಮೊಮ್ಮೆ ತಿಳಿಯೂದಿಲ್ಲ.
ನರದ ದಾರ್ಯಾಗೂ ಬೆಳದುಬಿಡತದ."

ಅದು ನನಗ ಗೊತ್ತಿರೂ ಪೈಕಿ.
ಜಿ.ಎ. ನೀರಾಗ ಗೊನಿ ಅದ್ದಿದ ಕೈ ಇದು.
ಒಂದು ಗ್ರಾಂ ಪುಡಿಗೆ ಎಷ್ಟು ಕೊಡ ನೀರು
ಅನ್ನೂದರಾಗ ಸಾವಕಾರನ ವರ್ಷ ಅದ.
ಕನಮಡ್ಯಾಗ ಒಂದು ಸಲ ಲೆಕ್ಕ ತಪ್ಪಿ
ಅದ್ದಿದ ಸಾಲನ್ನ ಮತ್ತ ಅದ್ದಿದೆ.
ಹಣ್ಣು ಹಿಗ್ಗಿದವು, ತೊಗಲು ದಪ್ಪಾತು, ಗೊನಿ ಕಟ್ಟಿಗಿ ಆತು.
ಮುಂದಿನ ವರ್ಷ ಕಣ್ಣು ಒಡದವು,
ಗೊನಿ ಬರಲಿಲ್ಲ.

ಟೊಂಕದ್ದ ಇರಲಿ, ಅಂದೆ.

ಡಬ್ಬ ಮಲಗಿಸಿದ್ರಂತ. ನಾಕು ಸ್ಕ್ರೂ, ಎರಡು ಸಳಿ,
ಕಸಿ ಹಿಡಿಯೂ ತನಕ ಅಲುಗಬಾರದು ಅಂತ.
ನಾನು ಹಿಡದಮ್ಯಾಲ ಪಟ್ಟಿ ಕೊಯ್ದು ಬಿಡತಿದ್ದೆ.
ಇವು ಒಳಗ ಉಳೀತಾವ. ನನ್ನ ಜೋಡಿ ಮಣ್ಣಿಗೆ ಬರತಾವ.

ನಡ ಮಾಯ್ತು, ಟೊಂಕ ಮಾಯಲಿಲ್ಲ.
ಎಲುಬು ತೆಗದ ಜಾಗಾ ರಾತ್ರಿ ಎರಡಕ್ಕ ಎಬ್ಬಸತದ,
ಕೊಟ್ಟ ಸಾಲ ಕೇಳಾಕ ಬಂದವರಂಗ.
ಇಷ್ಟು ವರ್ಷ ಹಿಡದ ಕಸಿ ಅಷ್ಟ ಎಣಿಸಿದೆ.
ಕಡ್ಡಿ ಕೊಯ್ಸಿಕೊಂಡ ಬಳ್ಳಿ ಕಡೆ
ಒಮ್ಮಿನೂ ಹೊಳ್ಳಿ ನೋಡಿರಲಿಲ್ಲ.

ತಂಬಾಕು ಮುಟ್ಟಿದರ ಎಲುಬು ಕೂಡೂದಿಲ್ಲ ಅಂದಾರ.
ಕಿಸೆದಾಗ ಸುಣ್ಣದ ಡಬ್ಬಿ ಒಂದ ಉಳದದ.
ಬೆರಳು ಹೋಗಿ ಮುಟ್ಟಿ ಬರತದ.

ಮೂರನೇ ತಿಂಗಳ ಫಿಲ್ಮಿನಾಗ ಎರಡರ ನಡುವ
ಮಂಜಿನಂಥಾದು ಏನೋ.
"ಕ್ಯಾಲಸ್ ಇರಬಹುದು. ಇನ್ನೂ ಹೇಳಾಕ ಬರೂದಿಲ್ಲ."
ತೋಟಗಾರಿಕಿ ಇಲಾಖೆ ಹುಡುಗನೂ ಇದ ಶಬ್ದ ಅಂದಿದ್ದ,
ಪಟ್ಟಿ ಬಿಚ್ಚಿ ಗಂಟಿನ ಬಾಯಿ ತೋರಿಸಿ.

ಭಾದ್ರಪದದ ಬಿಸಿಲು. ಬದುವಿನ ಮ್ಯಾಲ ಕುರ್ಚಿ ಹಾಕ್ಯಾರ,
ಬೆಲ್ಟ್ ಬಿಗದು ಕೂತೀನಿ.
ಸಾಲಿನಾಗ ಶಮಶಾದ, ನಾ ಕಲಿಸಿದ ಹುಡುಗಿ.
"ಕಾಕಾ, ಬಿಗಿ ಆತೇನು ನೋಡ್ರಿ."
ಇಲ್ಲಿಂದ ಕಾಣೂದಿಲ್ಲ. ಬಗ್ಗಿ ನೋಡಂಗಿಲ್ಲ.
ಜಗ್ಗಬ್ಯಾಡ, ಅಂತೀನಿ.
ಎದ್ದು ನಿಂತು, ನಡ ನೆಟ್ಟಗ ಮಾಡಿ, ಆಮ್ಯಾಲ ಮುಂದಿಂದಕ್ಕ ಹೋಗು.
ಆಕಿ ಅರ್ಧ ಅಷ್ಟ ಕೇಳಿಸಿಕೊಂಡಳು.
ಮುಂದಿನ ಗಿಡಕ್ಕ ಹೋದಳು,
ಬಗ್ಗೇ.